ಹಿಂದಕ್ಕೆ ಹರಿದ ನೀರು – ಕಂತು ಒಂಬತ್ತು: ಅಮಾವಾಸ್ಯೆಯ ಗಂಟು

ಮುರುಗೇಂದ್ರಪ್ಪ ಮೂರನೆಯ ವಾಲ್ವನ್ನೂ ಮೇಜಿನ ಮೇಲಿಟ್ಟು, ಕೈಗಂಟಿದ ಗ್ರೀಸನ್ನು ಹಳೆಯ ಪೇಪರಿಗೆ ಒರೆಸಿಕೊಂಡರು.

“ಮೂರೂ ಮಾಡೋದು ಒಂದೇ ಕೆಲ್ಸ ಕಣಮ್ಮ. ಮುಂದಕ್ಕೆ ಹೋದ ನೀರು ಹಿಂದಕ್ಕೆ ಬರಬಾರ್ದು. ಅಷ್ಟೇ.”

“ಒಂದೇ ಕೆಲ್ಸ ಆದ್ರೆ ಮೂರು ಥರ ಯಾಕೆ ಮಾರ್ತೀರಿ?” ಎಂದಳು ಗಂಗಾಂಬಿಕಾ.

ಅವರು ನಕ್ಕರು. ಚಳ್ಳಕೆರೆಯಲ್ಲಿ ಅವರದು ಶೇಂಗಾ ಎಣ್ಣೆ ಮಿಲ್ಲು, ಅದಕ್ಕೆ ಅಂಟಿಕೊಂಡೇ ಪೈಪು ಪಂಪುಗಳ ಅಂಗಡಿ. ಗಂಗಾಂಬಿಕಾಳ ತಂದೆಯ ಮಿಲ್ಲಿಗೂ ಒಂದು ಕಾಲಕ್ಕೆ ಅವರೇ ಸಾಮಾನು ಕೊಟ್ಟವರು. ಮೊಳಕಾಲ್ಮುರು ಠಾಣೆಯ ಸಬ್‌ಇನ್‌ಸ್ಪೆಕ್ಟರಾಗಿ ಖಾಕಿಯಲ್ಲಿ ಎದುರು ಕೂತಿದ್ದರೂ ಅವರ ಕಣ್ಣಿಗೆ ಅವಳಿನ್ನೂ ಮಿಲ್ಲಿನ ಅಂಗಳದಲ್ಲಿ ಹಿಂಡಿಯ ಚೂರು ತಿನ್ನುತ್ತ ತಿರುಗುತ್ತಿದ್ದ ಹುಡುಗಿ.

ಗೋಡೆಯ ಗಡಿಯಾರದಲ್ಲಿ ಹತ್ತೂವರೆ. ಸಂಜೆ ಐದರೊಳಗೆ ಬಣ್ಣಗಾರ ಬೊಮ್ಮಣ್ಣನನ್ನು ಕೋರ್ಟಿಗೆ ಒಪ್ಪಿಸಬೇಕು, ಇಲ್ಲವೇ ಬಿಡಬೇಕು. ನಿನ್ನೆ ಸಂಜೆ ಐದಕ್ಕೆ ಅವನನ್ನು ಬಂಧಿಸಿದ್ದು ಅವಳ ಮನಸ್ಸಿಗೆ ವಿರುದ್ಧವಾಗಿ, ಡಿವೈಎಸ್‌ಪಿ ಸಾಹೇಬರ ಒಂದು ಫೋನಿಗೆ.

ಹದಿನಾಲ್ಕು ದಿನಗಳ ಹಿಂದೆ ಮೊಳಕಾಲ್ಮುರಿನಲ್ಲಿ ಅವನ ಬಣ್ಣದ ಮನೆಯ ತೊಟ್ಟಿಯಿಂದ ರೇಷ್ಮೆ ಕುದಿಸುವ ಸೋಡಾ ನೀರು ಬೀದಿಯ ಕುಡಿಯುವ ನಲ್ಲಿಗೆ ಹಿಂದಕ್ಕೆ ಹರಿದಿತ್ತು. ಹದಿನೇಳು ಜನ ಆಸ್ಪತ್ರೆ ಸೇರಿದ್ದರು, ಹುಚ್ಚಕ್ಕ ಎಂಬ ನೇಕಾರ ಮುದುಕಿ ಸತ್ತಿದ್ದಳು. ನೀರು ಹಿಂದಕ್ಕೆ ಹರಿಯದಂತೆ ತಡೆಯಲು ಎನ್‌ಆರ್‌ವಿ ವಾಲ್ವು ಹಾಕಿಸಿದ್ದವನೇ ಬೊಮ್ಮಣ್ಣ. ಬಾಗಿಲಿಗೆ ತಾನೇ ಬೀಗ ತಂದವನನ್ನು ಕಳ್ಳ ಎನ್ನುವುದು ಅವಳಿಗೆ ಒಗ್ಗುತ್ತಿರಲಿಲ್ಲ.

ಮುರುಗೇಂದ್ರಪ್ಪ ಕೊನೆಗೂ ವ್ಯಾಪಾರಿಯ ಧಾಟಿಯಿಂದ ಇಳಿದು ವಿಷಯಕ್ಕೆ ಬಂದರು. ಯಾವ ವಾಲ್ವು ಎಂದು ಆರಿಸುವ ಮೊದಲು ಗಿರಾಕಿಯನ್ನು ಅವರು ನಾಲ್ಕು ಮಾತು ಕೇಳುತ್ತಾರಂತೆ. ಒಳಗೆ ಹರಿಯುವುದು ಏನು, ಎಷ್ಟು ಬಿಸಿ? ಪೈಪು ಮಲಗಿದೆಯೋ ನಿಂತಿದೆಯೋ? ನೀರಿನಲ್ಲಿ ಕಸ ಇದೆಯೋ? ಪಂಪು ನಿಂತಾಗ ನೀರು ಎಷ್ಟು ಜೋರಾಗಿ ತಿರುಗಿ ಬೀಳುತ್ತದೆ? ಮೊದಲ ಮೂರನ್ನು ಎಲ್ಲರೂ ಹೇಳುತ್ತಾರೆ. ನಾಲ್ಕನೆಯದನ್ನು ಯಾರೂ ಯೋಚಿಸಿರುವುದಿಲ್ಲ.

ಮೊದಲನೆಯ ವಾಲ್ವಿನೊಳಗೆ ಬಾಗಿಲಿನಂತೆ ತೂಗುವ ಒಂದು ತಟ್ಟೆ. ಕಸ ಬಂದರೂ ದಾಟಿಸಿ ಕಳಿಸುತ್ತದೆ, ಆದರೆ ನೀರು ತಟ್ಟನೆ ತಿರುಗಿದರೆ ದಢಾರನೆ ಬಡಿಯುತ್ತದೆ. ಎರಡನೆಯದರಲ್ಲಿ ಸ್ಪ್ರಿಂಗು, ನೀರು ತಿರುಗುವ ಮೊದಲೇ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ, ಎಳೆ ನಾರು ಸಿಕ್ಕಿದರೆ ಮಾತ್ರ ಅಲ್ಲೇ ನಿಂತುಬಿಡುತ್ತದೆ. ಮೂರನೆಯದು ಮೊದಲನೆಯದರ ಅಣ್ಣ: ಅದೇ ತಟ್ಟೆ, ಹೊರಗಡೆ ಒಂದು ಕೈ, ಕೈಯ ತುದಿಗೆ ತೂಕದ ಗುಂಡು. ಕೈ ಎದ್ದಿದ್ದರೆ ತೆರೆದಿದೆ, ಬಿದ್ದಿದ್ದರೆ ಮುಚ್ಚಿದೆ.

“ಬೊಮ್ಮಣ್ಣನಿಗೆ ಯಾವುದು ಕೊಟ್ರಿ?”

“ಸ್ಪ್ರಿಂಗಿಂದು. ನಾನೇ ಆರಿಸಿ ಕೊಟ್ಟಿದ್ದು. ಚೊಕ್ಕ ನೀರು, ಕರೆಂಟು ದಿನಕ್ಕೆ ಹತ್ತು ಸಲ ಹೋಗೋ ಊರು. ಅದಕ್ಕೆ ಅದೇ ಸರಿ.”

ಗಂಗಾಂಬಿಕಾ ತಲೆಯೆತ್ತಿದಳು. ಬಣ್ಣದ ಮನೆಯಲ್ಲಿ ಅವಳು ಸೀಲು ಹಾಕಿದ್ದು ಹೊರಗೆ ಕೈ ಇರುವ ವಾಲ್ವಿಗೆ.

ಅದನ್ನು ಹೇಳಿದಾಗ ಮುರುಗೇಂದ್ರಪ್ಪ ಏಣಿ ಹತ್ತಿ ಮೇಲಿನ ಹಲಗೆಯಿಂದ ರಟ್ಟಿನ ಡಬ್ಬವೊಂದನ್ನು ಇಳಿಸಿದರು. ಹೋದ ವರ್ಷ ಮಾರಿದ್ದು, ನಾಲ್ಕೇ ದಿನಕ್ಕೆ ವಾಪಸ್ ಬಂದಿತ್ತಂತೆ. ಅವರು ಅಂದು ಮಾರುಕಟ್ಟೆಯಲ್ಲಿ ಶೇಂಗಾ ಹರಾಜಿಗೆ ಹೋಗಿದ್ದರು. ತೆಗೆದುಕೊಂಡ ಕೆಲಸದವನು ಈಗ ಅಂಗಡಿ ಬಿಟ್ಟು ತುಮಕೂರು ಕಡೆ ಹೋಗಿದ್ದಾನೆ. ಡಬ್ಬದ ಮೇಲೆ ಚೀಟಿ ಅಂಟಿತ್ತು: ‘ಎಳೆ ಸಿಕ್ಕಿಕೊಳ್ಳುತ್ತದೆ. ಹೊರಗೆ ಕೈ ಇರುವ ವಾಲ್ವು ಕೊಡುವುದು. ಬೊಮ್ಮಣ್ಣ.’ ದುಂಡಗಿನ, ಅಚ್ಚುಕಟ್ಟಾದ ಅಕ್ಷರ.

ವಾಲ್ವನ್ನು ತಾನು ಮುಟ್ಟಿಯೇ ಇಲ್ಲ, ಬದಲಾಯಿಸಿಯೇ ಇಲ್ಲ ಎಂದು ಬೊಮ್ಮಣ್ಣ ರಾತ್ರಿ ಮೂರು ಸಲ ಹೇಳಿದ್ದ. ಯಾವಾಗಲೂ ಬಲಗೈಯನ್ನು ಟವೆಲ್ಲಿನಡಿ ಇಟ್ಟುಕೊಂಡು, ನೆಲ ನೋಡುತ್ತ ಹೇಳಿದ್ದ.

ಡಬ್ಬಕ್ಕೆ ಸುತ್ತಿದ್ದ ರೇಷ್ಮೆ ದಾರದ ಗಂಟನ್ನು ಬಿಚ್ಚಲು ಹೋದಳು. ಬೆಳಿಗ್ಗೆ ಬೊಮ್ಮಣ್ಣನ ಮಗಳು ಪುಷ್ಪಾ ತಂದ ಊಟದ ಡಬ್ಬಿಯ ಬಟ್ಟೆ ಬಿಚ್ಚುವಾಗ ಮುರಿದಿದ್ದ ಉಗುರು ಮತ್ತೆ ಚುರ್ ಎಂದಿತು. ಅವಳು ಕೈ ಹಿಂತೆಗೆಯುವಷ್ಟರಲ್ಲಿ ಮುರುಗೇಂದ್ರಪ್ಪ ಬ್ಲೇಡು ತಂದು ದಾರ ಕೊಯ್ದೇಬಿಟ್ಟರು. ಅವಳು ಹಲ್ಲು ಕಚ್ಚಿ, ಗಂಟಿದ್ದ ತುಂಡನ್ನು ನೆಲದಿಂದ ಹೆಕ್ಕಿ ಲಕೋಟೆಗೆ ಹಾಕಿಕೊಂಡಳು.

ವಾಲ್ವಿನ ಸ್ಪ್ರಿಂಗಿನ ಸುತ್ತ ಗುಲಾಬಿ ಬಣ್ಣದ ರೇಷ್ಮೆ ಎಳೆಗಳು ನಿಜಕ್ಕೂ ಸಿಕ್ಕಿಕೊಂಡಿದ್ದವು. ಅದೂ ಊರಿನ ಕಡೆಯಿಂದ ನೀರು ಬರುವ ಬಾಯಲ್ಲಿ.

“ಚೊಕ್ಕ ನೀರಿನ ಪೈಪಿಗೆ ಎಳೆ ಎಲ್ಲಿಂದ ಬರ್ಬೇಕು?” ಎಂದು ಮುರುಗೇಂದ್ರಪ್ಪನೇ ಕೇಳಿದರು.

ಉತ್ತರ ಒಂದೇ. ವಾಲ್ವು ಹಾಕುವ ಮೊದಲೇ ನೀರು ಹಿಂದಕ್ಕೆ ಹರಿಯುತ್ತಿತ್ತು, ತೊಟ್ಟಿಯ ಎಳೆಗಳನ್ನು ಊರಿನ ಪೈಪಿಗೆ ತುಂಬುತ್ತಿತ್ತು. ಚೀಟಿ ಬರೆದವರು ವಾಲ್ವಿನ ಬಾಯಿ ತೆರೆದು ಎಳೆ ನೋಡಿದ್ದಾರೆ. ನೋಡಿಯೂ ಯಾರಿಗೂ ಹೇಳಿಲ್ಲ.

ಜೀಪು ತಳಕು, ಬಿ.ಜಿ.ಕೆರೆ ದಾಟಿತು. ಹೆಡ್ ಕಾನ್‌ಸ್ಟೇಬಲ್ ಹಾಲೇಶಪ್ಪ ಗೇರು ಬದಲಿಸುತ್ತ, ತನ್ನ ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಮಚ್ಚು, ಕುಡುಗೋಲು, ಒಮ್ಮೆ ಒರಳುಕಲ್ಲನ್ನೂ ಸೀಲು ಮಾಡಿದ್ದುಂಟು, ನಲ್ಲಿಯನ್ನು ಮಾತ್ರ ಇದೇ ಮೊದಲು ಎಂದ.

“ನಲ್ಲಿ ಅಲ್ಲ ಹಾಲೇಶಪ್ಪನೋರೇ, ವಾಲ್ವು.”

“ಏನಾರ ಆಗ್ಲಿ ಮೇಡಂ. ಮಚ್ಚು ಆಗಿದ್ರೆ ಬೆರಳಿನ ಗುರುತಾದ್ರೂ ಸಿಗೋದು.”

ಬಣ್ಣದ ಮನೆ ಎಂದರೆ ತಗಡಿನ ಸೂರು, ಇಟ್ಟಿಗೆಯ ಎತ್ತರದ ಕಟ್ಟೆ, ಕಟ್ಟೆಯ ಮೇಲೆ ಮೂರು ತೊಟ್ಟಿ. ರೇಷ್ಮೆಯ ಅಂಟು ಬಿಡಿಸಲು ಸೋಪು ಸೋಡಾ ಕುದಿಸುವ ತೊಟ್ಟಿ ಎಲ್ಲಕ್ಕಿಂತ ದೊಡ್ಡದು. ನಲ್ಲಿಯಿಂದ ರಬ್ಬರ್ ಪೈಪು ಹಾಕಿ, ಅದರ ಬಾಯಿ ನೀರಲ್ಲಿ ಮುಳುಗಿಸಿ, ತೊಟ್ಟಿ ತುಂಬಲು ಬಿಟ್ಟು ಊಟಕ್ಕೆ ಹೋಗುವುದು ಬೊಮ್ಮಣ್ಣನ ರೂಢಿ. ಅಂದೂ ಒಂದು ಗಂಟೆಗೆ ಹಾಗೆಯೇ ಹೋಗಿದ್ದ. ಒಂದೂ ಇಪ್ಪತ್ತಕ್ಕೆ ಕರೆಂಟು ಹೋಗಿ ಊರಿನ ಪಂಪು ನಿಂತಿತ್ತು.

ಇವತ್ತು ಅವಳು ಅದನ್ನೇ ಬರಿಯ ನೀರಿನಲ್ಲಿ ಮಾಡಿಸಿದಳು. ಬೀದಿಯ ನಲ್ಲಿಗಳ ಹತ್ತಿರ ಜನ ನಿಲ್ಲಿಸಿ, ತೊಟ್ಟಿಯ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು, ಪಂಪು ನಿಲ್ಲಿಸಲು ಫೋನು ಮಾಡಿಸಿ, ವಾಲ್ವಿನ ಕೈಯನ್ನು ತಾನೇ ಎತ್ತಿ ಹಿಡಿದು ನಿಂತಳು. ನಾಲ್ಕು ನಿಮಿಷಕ್ಕೆ ನೀರು ಗೆರೆಯಿಂದ ನಾಲ್ಕು ಬೆರಳು ಇಳಿಯಿತು. ಆ ನೀರೆಲ್ಲ ಈಗ ಬೀದಿಯ ಪೈಪಿನಲ್ಲಿತ್ತು.

ಕೈಯನ್ನು ಬಿಟ್ಟಳು.

ದಢ್ ಎಂಬ ಬಡಿತಕ್ಕೆ ಪೈಪು ಅದುರಿತು. ಪೈಪು ಹೊಕ್ಕಿದ್ದ ಗೋಡೆಯಿಂದ ಗಾರೆ ಉದುರಿತು. ಗೋಡೆಯ ಆಚೆಯಿಂದ ಹೆಂಗಸೊಬ್ಬಳು ಪಂಪನ್ನೂ ಪೈಪನ್ನೂ ಅದನ್ನು ಹಾಕಿಸಿದವರ ವಂಶವನ್ನೂ ತೆಲುಗಿನಲ್ಲಿ ಬಯ್ಯುವುದು ಕೇಳಿಸಿತು.

ಗಂಗಾಂಬಿಕಾ ಗೋಡೆಯತ್ತ ನೋಡಿದಳು. ವಾಲ್ವಿಗೆ ಒಂದು ಮೊಳ ಮೇಲೆ ಅಂಗೈಯಗಲದ ಗವಾಕ್ಷಿ. ಎರಡು ವಾರದ ಹಿಂದೆ ಮಹಜರಿನಲ್ಲಿ ಅದನ್ನು ‘ಗಾಳಿ ಕಿಂಡಿ’ ಎಂದು ಬರೆದು ಮುಂದೆ ಹೋಗಿದ್ದವಳು ಅವಳೇ.

ಭೂತಗನ್ನಡಿ ತೆಗೆದು ವಾಲ್ವಿನ ಕೈಯನ್ನು ಅಂಗುಲ ಅಂಗುಲವಾಗಿ ನೋಡಿದಳು. ಒಂದು ಕಡೆ ಹಸಿರು ಬಣ್ಣ ಉಂಗುರದಂತೆ ಸವೆದು ಕಬ್ಬಿಣ ಹೊಳೆಯುತ್ತಿತ್ತು. ದಾರ ಹಲವು ಸಲ ಉಜ್ಜಿದ ಗುರುತು. ಇನ್ನೂ ಕೆಳಗೆ, ತೂಕದ ಗುಂಡಿನ ಸಂದಿಯಲ್ಲಿ, ಗ್ರೀಸಿನೊಳಗೆ ಹುದುಗಿ ಒಂದು ಗಂಟು. ಎರಡೂ ಕಡೆ ಕೊಯ್ದ ರೇಷ್ಮೆ ದಾರ. ಹದಿನಾಲ್ಕು ದಿನ ಅದು ಅಲ್ಲೇ ಇತ್ತು, ಅವಳದೇ ಸೀಲಿನ ಕೆಳಗೆ.

ಹಾಲೇಶಪ್ಪ ಸಾಕ್ಷಿ ಹಾಕುವ ಡಬ್ಬಿ ಕಳಿಸಿರೆಂದು ಠಾಣೆಗೆ ಫೋನು ಮಾಡಿದ. ಅವನ ಫೋನು ಯಾವಾಗಲೂ ಸ್ಪೀಕರಿನಲ್ಲೇ. ‘ವಾಲ್ವಿಗೆ ರೇಷ್ಮೆ ದಾರ ಕಟ್ಟಿದ್ದು ಸಿಕ್ತು ಕಣಪ್ಪ’ ಎಂದು ಅವನು ಕೂಗಿ ಹೇಳುವುದನ್ನು ಅವಳು ತಡೆಯಬೇಕಿತ್ತು. ತಡೆಯಲಿಲ್ಲ.

ಆಚೆ ಮನೆಯ ತಿಪ್ಪಮ್ಮ ಗುಂಡಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕೂತು, ಹರಿದ ಎಳೆಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸುತ್ತಿದ್ದಳು. ಸತ್ತ ಹುಚ್ಚಕ್ಕನ ಸೊಸೆ ಅವಳು. ತಿಥಿ ಮುಗಿಸಿ ಇವತ್ತೇ ಮಗ್ಗಕ್ಕೆ ಇಳಿದಿದ್ದು.

“ಎಷ್ಟು ಎಳೆ ಹೋದ್ವು?” ಎಂದಳು ಗಂಗಾಂಬಿಕಾ ನೆಲದ ಮೇಲೆ ಕೂರುತ್ತ.

“ಮೂವತ್ತೋ ನಲ್ವತ್ತೋ. ನಿಮಗೇನಮ್ಮಾ, ನೀವು ಪೈಪು ನೋಡಕ್ಕೆ ಬಂದೋರು.”

“ಅದು ಬಡೀದಂಗೆ ನೀವು ಕಿಂಡಿಯಿಂದ ದಾರ ಹಾಕಿ ಕಟ್ತಿದ್ರಿ.”

ತಿಪ್ಪಮ್ಮನ ಬೆರಳು ನಿಂತವು. ನಿರಾಕರಿಸುತ್ತಾಳೆಂದು ಗಂಗಾಂಬಿಕಾ ಕಾದಳು. ಅವಳು ನಿರಾಕರಿಸಲಿಲ್ಲ.

ಕೈ ಇರುವ ವಾಲ್ವು ಬಂದ ದಿನದಿಂದ ಆ ಬಡಿತವಂತೆ. ಕರೆಂಟು ಹೋದಾಗೆಲ್ಲ ಗೋಡೆ ಅದುರಿ, ಹಾಸಿನ ಎಳೆ ಹರಿದು, ಅರ್ಧ ದಿನ ಜೋಡಿಸುವುದರಲ್ಲೇ ಕಳೆಯುತ್ತಿತ್ತು. ಬೊಮ್ಮಣ್ಣನಿಗೆ ಹೇಳಿದರೆ ಮಾಡಿಸೋಣ ಅಂದ, ಮಾಡಿಸಲಿಲ್ಲ. ಕೊನೆಗೆ ತಾನೇ ಕಿಂಡಿಯಿಂದ ದಾರದ ಕುಣಿಕೆ ಇಳಿಸಿ ಆ ಕೈಯನ್ನು ಎತ್ತಿ ಕಟ್ಟತೊಡಗಿದಳು. ಮಗ್ಗಕ್ಕೆ ಇಳಿಯುವಾಗ ಕಟ್ಟುವುದು, ಏಳುವಾಗ ಒಂದೇ ಎಳೆತಕ್ಕೆ ಬಿಚ್ಚುವುದು. ಅದು ಏತಕ್ಕಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸದ್ದು ಮಾಡುವ ಒಂದು ಕಬ್ಬಿಣ, ಅಷ್ಟೇ.

“ಏತಕ್ಕಿದೆ ಅಂತ ಈಗ ಗೊತ್ತಾಯ್ತಲ್ಲ,” ಎಂದಳು ಗಂಗಾಂಬಿಕಾ. ಬೆಳಗಿನಿಂದ ಕಟ್ಟಿಕೊಂಡಿದ್ದ ಸಿಟ್ಟು ಮಾತಿನಲ್ಲಿ ಇಳಿಯಿತು. “ಆವತ್ತು ನೀವು ಕಟ್ಟಿದ್ದ ದಾರದಿಂದ್ಲೇ ನಿಮ್ಮತ್ತೆ ಸತ್ರು. ನಿಮ್ಮ ಬದಲಿಗೆ ಬೊಮ್ಮಣ್ಣ ಒಳಗಿದಾನೆ.”

ತಿಪ್ಪಮ್ಮ ತಲೆಯೆತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ, ದಣಿವಿತ್ತು.

“ಆವತ್ತು ನಾನು ಕಟ್ಟಿಲ್ಲ.”

“ಆಣೆ ಬೇಡ, ನಿಜ ಹೇಳ್ರಿ.”

“ಆಣೆ ಎಲ್ಲಿಟ್ಟೆ? ಆವತ್ತು ಅಮಾಸೆ. ಅಮಾಸೆ ದಿನ ಮಗ್ಗಕ್ಕೆ ಯಾರು ಇಳೀತಾರೆ? ಮಗ್ಗ ಇಲ್ದ ಮ್ಯಾಲೆ ದಾರ ಯಾಕೆ ಕಟ್ಲಿ?”

ಗಂಗಾಂಬಿಕಾ ಹಾಲೇಶಪ್ಪನತ್ತ ತಿರುಗಿದಳು. ಅವನು ಬಾಗಿಲಲ್ಲಿ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದ.

“ಹೌದು ಮೇಡಂ. ಈ ಕಡೆ ನೇಯೋರು ಅಮಾಸೆಗೆ ಮಗ್ಗ ಮುಟ್ಟಲ್ಲ. ಬಣ್ಣದ ಮನೆಗೆ ಆ ಕಟ್ಟುಪಾಡು ಇಲ್ಲ, ಮಗ್ಗಕ್ಕೆ ಮಾತ್ರ.”

ಅವಳು ದಿನಚರಿಯಲ್ಲಿ ತಾರೀಖು ಬರೆದಿದ್ದಳು, ವಾರ ಬರೆದಿದ್ದಳು, ಕರೆಂಟು ಹೋದ ನಿಮಿಷವನ್ನೂ ಬರೆದಿದ್ದಳು. ತಿಥಿ ಬರೆದಿರಲಿಲ್ಲ. ಅವಳ ತಂದೆಯ ಮಿಲ್ಲಿನಲ್ಲಿ ಅಮಾವಾಸ್ಯೆಗೆ ಯಂತ್ರಕ್ಕೆ ತೆಂಗಿನಕಾಯಿ ಒಡೆದು ಓಡಿಸುತ್ತಿದ್ದರೇ ಹೊರತು ನಿಲ್ಲಿಸುತ್ತಿರಲಿಲ್ಲ. ಸರಿಯೆಂದು ಕಂಡಿದ್ದ ಒಂದೇ ಒಂದು ಊಹೆ ಕೈಜಾರಿಹೋಯಿತು. ಜಾರಿದ್ದಕ್ಕಿಂತ, ಅದನ್ನು ಜಾರಿಸಿದ್ದು ಇಡೀ ಊರಿಗೆ ಗೊತ್ತಿದ್ದ ಸಂಗತಿ ಎಂಬುದು ಹೆಚ್ಚು ಉರಿಯಿತು.

ಮಗ್ಗ ನಿಂತಿದ್ದ ದಿನ ದಾರ ಕಟ್ಟಿದ್ದು ಎಳೆ ಉಳಿಸಲಿಕ್ಕಲ್ಲ. ತಿಪ್ಪಮ್ಮ ದಿನಾ ಕಟ್ಟುವುದನ್ನು ಕಂಡಿದ್ದ ಯಾರೋ, ಆ ದಿನ ಅವಳು ಕಟ್ಟದಿದ್ದಾಗ, ತಾವೇ ಕಟ್ಟಿದ್ದಾರೆ. ಆಮೇಲೆ ಬಿಚ್ಚಲಾಗದೆ ಕೊಯ್ದಿದ್ದಾರೆ.

ಗಂಗಾಂಬಿಕಾ ಬಿಳಿಯ ಕಾಗದದ ಮೇಲೆ ಎರಡು ಗಂಟುಗಳನ್ನೂ ಇಟ್ಟಳು. ವಾಲ್ವಿನ ಕೈಯಿಂದ ತೆಗೆದದ್ದು ಒಂದು. ಚಳ್ಳಕೆರೆಯ ಡಬ್ಬದ್ದು ಇನ್ನೊಂದು. ಒಂದು ಗ್ರೀಸಿನಿಂದ ಕಪ್ಪಾಗಿತ್ತು, ಇನ್ನೊಂದು ಚೊಕ್ಕವಾಗಿತ್ತು. ಕಟ್ಟಿದ ರೀತಿಯಲ್ಲಿ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

“ಇದು ನಿಮ್ಮ ಗಂಟಾ?”

ತಿಪ್ಪಮ್ಮ ಬಗ್ಗಿ ನೋಡಿದಳು. ಅವಳ ಮುಖದಲ್ಲಿ ಮೊದಲ ಬಾರಿಗೆ ಏನೋ ಕದಲಿತು.

“ಲೇದಮ್ಮಾ. ಇದು ನಮ್ಮತ್ತೆ ಕೈಗಂಟು. ಎರಡು ಸುತ್ತು ಹಾಕಿ ಕೊನೆ ಒಳಗೆ ತೂರಿಸ್ತಿದ್ರು. ನಾನು ರಾಯದುರ್ಗದೋಳು, ನಮ್ಮ ಕಡೆ ಗಂಟೇ ಬ್ಯಾರೆ. ಎಷ್ಟು ಸಲ ಕಲಿಸಿದ್ರೂ ನನಗೆ ಬರ್ಲಿಲ್ಲ.”

“ಸತ್ತೋರು ಬಂದು ಕಟ್ಟಲ್ಲ. ಇನ್ಯಾರಿಗೆ ಕಲಿಸಿದ್ರು?”

ತಿಪ್ಪಮ್ಮನ ಕಣ್ಣು ಮೂಲೆಯಲ್ಲಿದ್ದ ಚಿಕ್ಕ ಚರಕದ ಕಡೆ ಹೋಗಿ, ಅಲ್ಲಿಂದ ಬಾಗಿಲಿನ ಆಚೆಗೆ, ಬೊಮ್ಮಣ್ಣನ ಮನೆಯ ಕಡೆಗೆ ಹೋಗಿ, ಮತ್ತೆ ಮಗ್ಗಕ್ಕೆ ಬಂತು.

“ಹೋದೋರ ಗಂಟು ಹೋದೋರ ಜೊತೆ ಹೋಯ್ತು ಅಂತ ಬರ್ಕೊಳ್ರಿ.”

“ಬೊಮ್ಮಣ್ಣನ್ನ ಇವತ್ತು ಜೈಲಿಗೆ ಕಳಿಸ್ತಾರೆ ತಿಪ್ಪಮ್ಮನೋರೇ.”

“ಕಳಿಸಿದ್ರೆ ಒಬ್ರು ಹೋಗ್ತಾರೆ,” ಎಂದಳು ತಿಪ್ಪಮ್ಮ. “ನಾನು ಬಾಯಿಬಿಟ್ರೆ ನಮ್ಮತ್ತೆ ಇನ್ನೊಂದು ಸಲ ಸಾಯ್ತಾಳೆ.”

ಅಷ್ಟಕ್ಕೆ ಅವಳು ಎಳೆ ಹೆಕ್ಕಲು ಕೂತಳು. ಗಂಗಾಂಬಿಕಾ ಬೆದರಿಸಿದಳು, ತಗ್ಗಿ ಕೇಳಿದಳು, ಕೊನೆಗೆ ಸುಮ್ಮನೆ ಕೂತು ನೋಡಿದಳು. ಹರಿದ ಎಳೆಗೆ ಹೊಸ ಎಳೆ ಹೊಸೆಯುವ ಆ ಬೆರಳುಗಳಿಗೆ ಪೊಲೀಸರ ಅವಸರ ಮುಟ್ಟುವಂತಿರಲಿಲ್ಲ.

ಎರಡೂ ಮುಕ್ಕಾಲಿಗೆ ಫೋನು ಬಂತು. ಠಾಣೆಯ ರೈಟರ್ ವೀರೇಶ್. ಅವನ ದನಿಯಲ್ಲಿ ಕೆಲಸ ಮುಗಿಸಿದವನ ಹಿಗ್ಗಿತ್ತು.

ಬೊಮ್ಮಣ್ಣ ಒಪ್ಪಿಕೊಂಡಿದ್ದ. ವಾಲ್ವು ಬದಲಾಯಿಸಿದ್ದು ತಾನೇ, ಚೀಟಿ ಬರೆದದ್ದು ತಾನೇ, ಅಮಾವಾಸ್ಯೆಯ ದಿನ ರೇಷ್ಮೆ ದಾರದಿಂದ ಕೈ ಕಟ್ಟಿದ್ದೂ ತಾನೇ. ಹೇಳಿಕೆ ಸಿದ್ಧವಾಗಿದೆ, ಡಿವೈಎಸ್‌ಪಿ ಸಾಹೇಬರಿಗೂ ತಿಳಿಸಿಯಾಗಿದೆ, ನಾಲ್ಕಕ್ಕೆಲ್ಲ ಕೋರ್ಟಿಗೆ ಕರೆದೊಯ್ಯಬಹುದು.

ಪೊಲೀಸರ ಮುಂದೆ ಒಪ್ಪಿಕೊಂಡದ್ದು ವಿಚಾರಣೆಯಲ್ಲಿ ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇವತ್ತು ಅವನನ್ನು ಒಳಗೆ ಕಳಿಸಲು ಸಾಹೇಬರಿಗೆ ಅಷ್ಟು ಸಾಕು ಎಂದೂ ಗೊತ್ತಿತ್ತು.

“ದಾರದ ವಿಷಯ ಅವನಿಗೆ ಯಾರು ಹೇಳಿದ್ರು ವೀರೇಶ್?”

“ನಾನೇನೂ ಹೇಳಿಲ್ಲ ಮೇಡಂ. ಹಾಲೇಶಪ್ಪಣ್ಣ ಫೋನು ಮಾಡಿದಾಗ ಮಗಳು ಮಧ್ಯಾಹ್ನದ ಊಟ ತಂದು ಇಲ್ಲೇ ನಿಂತಿದ್ಲು. ಆಮೇಲೆ ಅಪ್ಪನ ಹತ್ರ ಎರಡು ಮಾತಾಡಿದ್ಲು. ಐದು ನಿಮಿಷಕ್ಕೆ ಅವನೇ ಕರೆದು ಒಪ್ಕೊಂಡ.”

“ಅವನ ಸಹಿ ತಗೋಬೇಡ್ರಿ.”

“ಸಹಿ ಎಲ್ಲಿ ಮೇಡಂ, ಎಡಗೈ ಹೆಬ್ಬೆಟ್ಟು ತಗೊಂಡೆ. ಮೂರು ವರ್ಷದ ಹಿಂದೆ ಕುದಿಯೋ ತೊಟ್ಟಿಗೆ ಕೈ ಬಿದ್ದು ಬಲಗೈ ಬೆರಳು ಒಂದೂ ಮಡಚಲ್ವಂತೆ. ಅನ್ನ ಕಲಸಕ್ಕೂ ಆಗಲ್ಲ ಪಾಪ. ಊಟದ ಬಟ್ಟೆ ಬಿಚ್ಚಕ್ಕೂ ನಾನೇ ಹೋಗ್ಬೇಕಾಯ್ತು. ಏನು ಗಂಟು ಮೇಡಂ ಅದು, ಬ್ಲೇಡಿಂದ ಬಟ್ಟೆನೇ ಕೊಯ್ದೆ.”

ಗಂಗಾಂಬಿಕಾ ಮುರಿದ ಉಗುರನ್ನು ನೋಡಿಕೊಂಡಳು. ಬೆಳಿಗ್ಗೆ ಅವಳು ಆ ಗಂಟನ್ನು ಬಿಚ್ಚಿದ್ದು ಹೇಗೆಂದು ಬೆರಳು ಮೊದಲು ನೆನಪಿಸಿಕೊಂಡಿತು, ಆಮೇಲೆ ತಲೆ. ಒಳಗೆ ತೂರಿದ್ದ ಕೊನೆಯನ್ನು ಹೊರಗೆಳೆದು, ಒಂದು ಸುತ್ತು ಬಿಡಿಸಿ, ಇನ್ನೊಂದು ಸುತ್ತಿಗೆ ಉಗುರು ಹಾಕಿದಾಗ ಅದು ಮುರಿದಿತ್ತು. ಬೆರಳು ಮಡಚದ ಕೈ ದುಂಡಗಿನ ಅಕ್ಷರದ ಆ ಚೀಟಿಯನ್ನೂ ಬರೆದಿರಲಾರದು.

“ತಿಪ್ಪಮ್ಮನೋರೇ,” ಎಂದಳು ಮೆಲ್ಲಗೆ, ಫೋನಿಗೆ ಕೈ ಅಡ್ಡ ಹಿಡಿದು. “ಪುಷ್ಪಾ ಯಾರ ಕೈಯಲ್ಲಿ ಬೆಳೆದೋಳು?”

ಮಗ್ಗದ ಗುಂಡಿಯಲ್ಲಿ ತಿಪ್ಪಮ್ಮ ಕೈಯಲ್ಲಿದ್ದ ಎಳೆಯನ್ನು ಕೆಳಗಿಟ್ಟಳು.

“ತಾಯಿ ಇಲ್ಲದ ಕೂಸು,” ಎಂದಳು ಅವಳು. “ನಮ್ಮತ್ತೆನೇ ಸಾಕಿದ್ದು.”

ಗಂಗಾಂಬಿಕಾ ಫೋನನ್ನು ಕಿವಿಗೆ ಒತ್ತಿದಳು.

“ವೀರೇಶ್, ನೀವು ಕೊಯ್ದ ಬಟ್ಟೆಯಲ್ಲಿ ಆ ಗಂಟು ಹಾಗೇ ಐತಾ?”

“ಐತೆ ಮೇಡಂ, ಗಂಟು ಮುಟ್ಟಿಲ್ಲ, ಪಕ್ಕದಾಗೆ ಕೊಯ್ದಿದ್ದು.”

“ಅದನ್ನ ಮುಟ್ಟದಂಗೆ ಒಂದು ಲಕೋಟೆಗೆ ಹಾಕ್ರಿ. ಪುಷ್ಪಾನ್ನ ಅಲ್ಲೇ ಕೂರಿಸ್ಕೊಳ್ರಿ.”

“ಇಲ್ಲೇ ಮೆಟ್ಟಿಲ ಮೇಲೆ ಕೂತಿದ್ಲು. ಒಂದು ನಿಮಿಷ.”

ಕುರ್ಚಿ ಸರಿದ ಸದ್ದು. ಚಪ್ಪಲಿಯ ಸದ್ದು ದೂರ ಹೋಯಿತು. ಯಾರನ್ನೋ ಏನೋ ಕೇಳಿದ ದನಿ. ರಸ್ತೆಯಲ್ಲಿ ರಾಂಪುರದ ಕಡೆ ಹೊರಟ ಬಸ್ಸಿನ ಹಾರ್ನು ಎರಡು ಸಲ ಕೇಳಿಸಿತು. ಚಪ್ಪಲಿಯ ಸದ್ದು ವಾಪಸ್ ಬಂತು, ಈ ಸಲ ಬೇಗ ಬೇಗ.

“ಮೇಡಂ,” ಎಂದ ವೀರೇಶ್. “ಮೆಟ್ಟಿಲ ಮೇಲೆ ಹುಡುಗಿ ಇಲ್ಲ. ಡಬ್ಬಿ ಐತೆ. ಬಟ್ಟೆ ಇಲ್ಲ.”